ತೊಳೆದ ನೀರಿನ ಬಣ್ಣ

ಶಮೀಮ್ ಮೇಡಂ ಯಾರ ಮನೆಗೆ ಬಂದರೂ ಕುರ್ಚಿಯ ಕಡೆ ನೋಡುತ್ತಿರಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಕಲಗಚ್ಚಿನ ಬಕೆಟ್ಟಿಗೆ ಬಗ್ಗುತ್ತಿದ್ದರು. ಹಸುವಿಗೆಂದು ಎತ್ತಿಟ್ಟ ಅಕ್ಕಿ ತೊಳೆದ ನೀರು ಅದರಲ್ಲಿ ಹಾಲಿನ ಹಾಗೆ ಬೆಳ್ಳಗಿದ್ದರೆ ಅವರ ಮುಖ ಸಪ್ಪಗಾಗುತ್ತಿತ್ತು. "ನಿಮ್ಮನೆ ಹಸು ನಿಮಗಿಂತ ಚೆನ್ನಾಗಿ ಉಣ್ಣುತ್ತೆ" ಎಂದು ಹೇಳಿ, ಆಮೇಲೆ ಕಾಫಿಗೆ ಕೂರುತ್ತಿದ್ದರು. "ಮೇಷ್ಟ್ರಮ್ಮ ಕಲಗಚ್ಚು ನೋಡಕ್ ಬಂದ್ರು" ಎಂದು ಅವ್ವ ಒಳಗೇ ನಗುತ್ತಿದ್ದಳು.

ಗುಬ್ಬಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ತುಮಕೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ಪಿಯುಸಿಯಲ್ಲಿ ನನಗೂ ಅವರೇ. ಸಿಲಬಸ್‌ನಲ್ಲಿ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಎರಡು ಉಂಗುರ ಬರೆದು ನಡುವೆ ಕೊಂಡಿ ಹಾಕುತ್ತಿದ್ದರು.

"ಇದು ಥಯಮಿನ್. ಬಿ-ಒನ್ ಅಂತಾರಲ್ಲ, ಅದೇ. ಈ ಉಂಗುರದಲ್ಲಿ ಗಂಧಕ ಇದೆ. ಸೋಡಾ ಹಾಕಿ ಬೇಯ್ಸಿದ್ರೆ ಉಂಗುರ ಒಡ್ದೋಗುತ್ತೆ. ಅಕ್ಕಿ ಪಾಲಿಶ್ ಮಾಡುವಾಗ ಬಹಳಷ್ಟು ತೌಡಿನ ಜೊತೆ ಹೋಗಿರುತ್ತೆ, ಉಳಿದಿದ್ದನ್ನ ನಾವು ತೊಳೆದು ಚೆಲ್ತೀವಿ."

"ಅದಿಲ್ದಿದ್ರೆ ಏನಾಗುತ್ತೆ ಮೇಡಂ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಒಲೆ ತುಂಬ ಸೌದೆ ಇಟ್ಟು ಬೆಂಕಿ ಹಚ್ದೇ ಇದ್ರೆ ಏನಾಗುತ್ತೆ? ಹಂಗೇ. ಎಷ್ಟು ಅನ್ನ ಉಂಡ್ರೂ ಮೈಗೆ ಶಕ್ತಿ ಆಗಲ್ಲ ಕಣೇ. ಮೈ ಇದನ್ನ ಬಹಳ ದಿನ ಕೂಡಿಟ್ಕೊಳ್ಳೋದೂ ಇಲ್ಲ."

ಇಷ್ಟು ಹೇಳಿ ಚಾಕ್‌ಪೀಸು ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವು ಕಿಸಕ್ಕನೆ ನಗುತ್ತಿದ್ದೆವು. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ನಡುವೆ ಹೆರಿಗೆಗೆಂದು ತವರಿಗೆ ಬಂದೆ. ಆ ಬಾಣಂತನ ಈಗಲೂ ಅರೆನಿದ್ದೆಯಲ್ಲಿ ಕಂಡದ್ದರಂತೆ ತೇಲಿ ಬರುತ್ತದೆ. ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ, ಹಗಲೋ ಸಂಜೆಯೋ ತಿಳಿಯದ ಬೆಳಕು, ಅಡುಗೆಮನೆಯಿಂದ ಅಕ್ಕಿ ತೊಳೆಯುವ ಸದ್ದು. ಅವ್ವ ಗುಬ್ಬಿ ಪಕ್ಕದ ಕಡಬದವಳು, ಮುದ್ದೆ ಉಂಡು ಬೆಳೆದವಳು. ಆದರೂ ಬಾಣಂತಿಗೆ ರಾಗಿ ಶೀತ, ಬೇಳೆ ವಾಯು, ಸೊಪ್ಪು ನಂಜು ಎಂದು ಯಾವುದನ್ನೂ ಮುಟ್ಟಿಸಲಿಲ್ಲ. ಅಂಗಡಿಯಲ್ಲಿದ್ದ ಅತಿ ಬೆಳ್ಳನೆಯ ಅಕ್ಕಿ ತರಿಸಿ, ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆದು, ಗಂಜಿ ಬಸಿದು, ಮೆಣಸಿನ ಸಾರು ತುಪ್ಪ ಹಾಕಿ ಉಣ್ಣಿಸುತ್ತಿದ್ದಳು. ಮೇಡಂ ಪಾಠ ಕೇಳಿದ್ದ ನಾನೂ ತುಟಿಪಿಟಕ್ಕೆನ್ನದೆ ಉಂಡೆ. ಹೊರಗಿನವರನ್ನು, ಪಕ್ಕದ ಮನೆಯ ಮೇಡಂ ಅವರನ್ನೂ, ಆ ಕೋಣೆಗೆ ಬಿಡುತ್ತಿರಲಿಲ್ಲ.

ಮೂರನೇ ತಿಂಗಳಲ್ಲಿ ಮೇಡಂ ಕೈಯಲ್ಲೊಂದು ಪುಟ್ಟ ಟೋಪಿ ಹಿಡಿದು ಬಂದರು. ಅವ್ವ ಹೆಮ್ಮೆಯಿಂದ, "ನಮ್ ಚೈತ್ರ ಬಲು ಸಾಧು ಮೇಷ್ಟ್ರಮ್ಮ. ಅಳೋದೇ ಇಲ್ಲ" ಎಂದಳು. ಮೇಡಂ ತೊಟ್ಟಿಲಿಗೆ ಬಗ್ಗಿದರು. ಮಗು ಬಾಯಿ ತೆರೆದಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಎದೆ ಏದುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

"ಇದು ಅಳ್ತಾ ಇದೆ ಅಮ್ಮ. ದನಿ ಹೋಗಿದೆ" ಎಂದವರೇ ಹಿತ್ತಲಿಗೆ ನಡೆದರು. ಕಲಗಚ್ಚಿನ ಬಕೆಟ್ಟು ನೋಡಿ ತಿರುಗಿ ಬಂದವರೇ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡರು. "ಸುಧಾ, ಏಳು. ಈಗ್ಲೇ ತುಮಕೂರಿಗೆ ಹೋಗ್ಬೇಕು."

ಮಕ್ಕಳ ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟು, ನಾನು ಉಣ್ಣುತ್ತಿದ್ದುದನ್ನೆಲ್ಲ ಕೇಳಿದರು. ತಾಯಿಯ ಹಾಲಿನಲ್ಲೇ ಬಿ-ಒನ್ ಇಲ್ಲ ಎಂದು ಮಗುವಿಗೂ ನನಗೂ ಇಂಜೆಕ್ಷನ್ ಕೊಟ್ಟರು. ಸಂಜೆಯೊಳಗೆ ಉಸಿರು ಹದಕ್ಕೆ ಬಂತು. ದನಿ ಬರಲಿಲ್ಲ. ಮನೆಗೆ ಬಂದ ಮೇಲೆ ಮೇಡಂ ದಿನಾ ಕಾಲೇಜಿನಿಂದ ನೇರ ಬಂದು ತೊಟ್ಟಿಲಿಗೆ ಕಿವಿಯಿಟ್ಟು ಕೂರುತ್ತಿದ್ದರು. ಎಷ್ಟನೆಯ ದಿನವೋ, ಮಗು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಕುಂಯ್‌ಗುಟ್ಟಿತು. ಮೇಡಂ ಸೆರಗಿನಿಂದ ಮುಖ ಮುಚ್ಚಿಕೊಂಡು ನಮ್ಮೆಲ್ಲರಿಗಿಂತ ಹೆಚ್ಚು ಅತ್ತರು. ಅಷ್ಟೊಂದು ಯಾಕೆ ಎಂದು ಆಗ ಹೊಳೆಯಲಿಲ್ಲ.

ಅವ್ವನನ್ನು ಮಾತ್ರ ನಾನು ಕ್ಷಮಿಸಲಿಲ್ಲ. ಅಪ್ಪ ಹೋದ ಮೇಲೆ ಅವಳು ಕುಣಿಗಲ್ಲಿಗೆ, ನಮ್ಮ ಮನೆಗೇ ಬಂದಳು. ಸೊಪ್ಪು ಬಿಡಿಸಿದಳು, ಹೂ ಕಟ್ಟಿದಳು. ಅಕ್ಕಿಯ ಪಾತ್ರೆಗೆ ಕೈ ಹಾಕಿದರೆ ನಾನು ಕಸಿದುಕೊಳ್ಳುತ್ತಿದ್ದೆ. ಅವಳು ಕೈ ಒರೆಸಿಕೊಂಡು ಹೊರಗೆ ಹೋಗುತ್ತಿದ್ದಳು. ಹೀಗೇ ವರ್ಷಗಳು ಕಳೆದವು.

ನಿವೃತ್ತರಾಗಿ ತುಮಕೂರಿನಲ್ಲಿ ತಂಗಿಯ ಮನೆಯಲ್ಲಿದ್ದ ಮೇಡಂ ಅವರನ್ನು ಕೊನೆಯ ಸಲ ನೋಡಿದಾಗ ಚೈತ್ರಳಿಗೆ ಹನ್ನೊಂದು. ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಗದರಿದೆ. ಮಂಚದ ಮೇಲಿಂದ ಮೇಡಂ, "ಸುಮ್ನಿರ್ಸಬೇಡ ಕಣೇ. ಮಾತಾಡ್ಲಿ" ಎಂದರು. ಕಣ್ಣು ಮುಚ್ಚಿಕೊಂಡು ಅವಳ ಹರಟೆಯನ್ನೆಲ್ಲ ಕೇಳಿದರು. ಅವಳು ಅಂಗಳಕ್ಕೆ ಓಡಿದ ಮೇಲೆ ಮೆಲ್ಲಗೆ ಹೇಳಿದರು.

"ನಂಗೂ ಒಬ್ಬ ಇದ್ದ, ಎಪ್ಪತ್ತು ದಿನ. ಅವನ್ದೂ ಹಿಂಗೇ ದನಿ ಹೋಯ್ತು. ನಾವೂ ಸಾಧು ಮಗು ಅಂದ್ಕೊಂಡ್ವಿ. ಆ ವರ್ಷಾನೇ ಕ್ಲಾಸಲ್ಲಿ ಉಂಗುರ ಬರೆದು ಪಾಠ ಮಾಡಿದ್ದೆ. ಬಾಣಂತಿ ಕೋಣೇಲಿ ಕೊಟ್ಟಿದ್ದು ಉಂಡ್ಕೊಂಡು ಕೂತೆ." ನನ್ನ ಕೈ ಹಿಡಿದುಕೊಂಡು, "ನಮ್ಮಮ್ಮನೂ ಐದು ನೀರು ತೊಳೀತಿದ್ರು. ಪ್ರೀತಿಗೆ ಕಣೇ. ಅವರು ಹೋಗೋವರೆಗೂ ನಾನು ಮಾತು ಬಿಟ್ಟಿದ್ದೆ. ನೀನು ಹಂಗ್ ಮಾಡ್ಬೇಡ" ಎಂದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಿನ ಒಲೆ ಹಚ್ಚುವ ಮನಸ್ಸಾಗಲಿಲ್ಲ. ಅಕ್ಕಿಯ ಪಾತ್ರೆಯನ್ನು ಅವ್ವನ ಮುಂದಿಟ್ಟೆ. ಅವಳು ನಂಬದವಳ ಹಾಗೆ ನೋಡಿದಳು. ಬೆರಳಾಡಿಸಿ, ಒಂದೇ ಒಂದು ನೀರು ಬಗ್ಗಿಸಿ, ನನ್ನ ಮುಖ ನೋಡುತ್ತಾ ಕೇಳಿದಳು:

"ಸಾಕೇನವ್ವ?"

"ಸಾಕು ಕಣವ್ವ" ಎಂದೆ.