ಟ್ರಿಮ್ ಚಕ್ರ ಬಿಗಿಯಾದ ವಾರ

ಅವ್ವನನ್ನು ನಮ್ಮೂರು ಮೆಹಕರದಲ್ಲಿ ಮಣ್ಣು ಮಾಡಿ ಬಂದ ಮರುದಿನವೇ ನಾನು ಕೆಲಸಕ್ಕೆ ಹೋದೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆಯಲ್ಲಿ ಕೂತರೂ ಅಷ್ಟೇ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ನಿಂತರೂ ಅಷ್ಟೇ ಅನಿಸಿತ್ತು. ಸಮಾಧಿಯ ಹತ್ತಿರ ಪಾಸ್ಟರ್ ಪ್ರಾರ್ಥನೆ ಮಾಡುವಾಗಲೂ ನಾನು ಅವರ ಬೂಟಿಗೆ ಮೆತ್ತಿದ್ದ ಮಣ್ಣನ್ನೇ ನೋಡುತ್ತಿದ್ದೆ. ಅಳು ಬಂದಿರಲಿಲ್ಲ.

ಬೀದರಿನ ಹೊರಗೆ ಒಂದು ಸಣ್ಣ ವಿಮಾನ ತರಬೇತಿ ಶಾಲೆಯಲ್ಲಿ ನಾನು ಮೆಕ್ಯಾನಿಕ್. ಅಲ್ಲಿರುವ ಹಳೆಯ ಎರಡು ಸೀಟಿನ ವಿಮಾನ ನನಗಿಂತ ದೊಡ್ಡ ವಯಸ್ಸಿನದು. ಅವತ್ತು ಅದನ್ನು ಹಾರಿಸುವ ಸರ್ ಬಂದು ಹೇಳಿದರು: "ಟ್ರಿಮ್ ಚಕ್ರ ತಿರಗವಲ್ದು ನೋಡ್ರಿ ಮೇಡಂ. ಹಿಡದು ಹಿಡದು ಕೈ ನೋಯ್ಲಿಕತ್ಯದ."

ಸೀಟಿನ ಪಕ್ಕದ ಆ ಸಣ್ಣ ಚಕ್ರ ತಿರುಗಿಸಿದರೆ ಬಾಲದ ಅಂಚಿನ ಕಿರಿದಾದ ಪಟ್ಟಿ ಮೇಲೆ ಕೆಳಗೆ ಆಗುತ್ತದೆ. ಆಗ ಪೈಲಟ್ ಒಂದೇ ಸಮನೆ ವಿಮಾನ ನಡೆಸುವ ಕೋಲನ್ನು ಒತ್ತಿ ಹಿಡಿಯಬೇಕಿಲ್ಲ. ವಿಮಾನ ತಾನೇ ನೆಟ್ಟಗೆ ಹೋಗುತ್ತದೆ.

ವಿಮಾನದ ಒಳನೆಲದ ತಗಡು ಬಿಚ್ಚಿ, ಚಕ್ರದಿಂದ ಬಾಲಕ್ಕೆ ಹೋಗುವ ಕೇಬಲ್ಲಿನ ಬಿಗಿ ಸಡಿಲಿಸಿ ಚಕ್ರ ತಿರುಗಿಸಿದೆ. ಸರಾಗವಾಗಿ ತಿರುಗಿತು. ಅಂದರೆ ತೊಂದರೆ ಹಿಂದೆ ಇತ್ತು. ಕೇಬಲ್ ಹಾಯುವ ರಾಟೆಗಳನ್ನು ಬೆರಳಿನಿಂದ ಒಂದೊಂದಾಗಿ ಆಡಿಸುತ್ತ ಬಾಲದವರೆಗೆ ಹೋದೆ. ಅಲ್ಲಿ ಪಟ್ಟಿಯನ್ನು ನೂಕುವ ತಿರುಪಿನಲ್ಲಿ ಹಳೆಯ ಗ್ರೀಸು ಕೆಂಪು ಧೂಳಿನ ಜೊತೆ ಸೇರಿ ಮೇಣದ ಹಾಗೆ ಗಟ್ಟಿಯಾಗಿತ್ತು. ಅದನ್ನು ಹೊರತೆಗೆದು ತೊಳೆದೆ, ಎಳೆಗಳು ಸವೆದಿಲ್ಲವೆಂದು ನೋಡಿದೆ, ಹೊಸ ಗ್ರೀಸು ಹಚ್ಚಿ ಕೂರಿಸಿದೆ. ಕೇಬಲ್ಲಿನ ಬಿಗಿ ಅಳೆದು, ತಂತಿ ಸುತ್ತಿ ಭದ್ರ ಮಾಡಿದೆ. ಕೈ ತನ್ನ ಪಾಡಿಗೆ ಮಾಡುತ್ತಿತ್ತು.

ಇಂಥ ಕೆಲಸವನ್ನು ಇನ್ನೊಬ್ಬರು ನೋಡಿ ಸಹಿ ಮಾಡಬೇಕು. ನಮ್ಮಲ್ಲಿ ಆ ಇನ್ನೊಬ್ಬರು ಚಾಚಾ, ನನಗೆ ಕೆಲಸ ಕಲಿಸಿದವರು. ನಾನು ಒಳಗೆ ಕೂತು ಚಕ್ರ ಮುಂದೆ ತಿರುಗಿಸಿದೆ. ಅವರು ಬಾಲದ ಹತ್ತಿರ ನಿಂತು, "ಪಟ್ಟಿ ಮ್ಯಾಲ ಬಂತು, ಬರೋಬರ್," ಎಂದು ಕೂಗಿದರು.

ಆಗಲೇ ತಮ್ಮನ ಫೋನ್ ಬಂತು. ಕೈಗೆ ಗ್ರೀಸು ಹತ್ತಿತ್ತೆಂದು ಸ್ಪೀಕರ್ ಹಾಕಿದೆ.

"ಅಕ್ಕಾ, ಅವ್ವನ ಸಮಾಧಿ ಕಲ್ಲಿನ ಮ್ಯಾಲ ಯಾವ ವಾಕ್ಯ ಬರಸ್ಲಿ?"

"ಸಣ್ಣದು ಬರಸು. ಉದ್ದ ಬ್ಯಾಡ," ಎಂದು ಫೋನ್ ಇಟ್ಟೆ.

ಚಾಚಾ ವಿಮಾನದ ಬಾಗಿಲಿಗೆ ಬಂದು ನಿಂತಿದ್ದರು. "ಅವ್ವ ಯಾವಾಗ ಹೋದ್ರು ಬೇಟಿ?"

"ಮೊನ್ನಿ."

"ಯಾರಿಗೂ ಯಾಕ ಹೇಳಲಿಲ್ಲ ನೀ?"

"ಬಾಲದ ಮುಚ್ಚಳದ ಸ್ಕ್ರೂ ಇನ್ನಾ ಹಾಕೋದದ ಚಾಚಾ," ಎಂದೆ.

ಅವರು ಸಹಿಗೆಂದು ತೆಗೆದಿದ್ದ ಪೆನ್ನನ್ನು ವಾಪಸ್ ಜೇಬಿಗೆ ಹಾಕಿದರು. "ಇವತ್ತ ನಾ ಸಹಿ ಮಾಡಂಗಿಲ್ಲ. ಕೆಲಸ ಚೊಲೋನೇ ಕಾಣ್ತದ. ಆದ್ರ ನಿನ್ನ ಮನಸ್ಸು ಇಲ್ಲಿಲ್ಲ. ಮ್ಯಾಲ ಹೋದವರು ನಮ್ಮನ್ನ ನಂಬಿ ಕುಂತಿರ್ತಾರ. ನಾಳಿ ಇಬ್ರೂ ಕೂಡಿ ಮೊದಲಿಂದ ಬಿಚ್ಚಿ ನೋಡಮು."

ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅವತ್ತು ಕೈ ತೊಳೆದುಕೊಂಡು, ಅವರ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ.

ಮರುದಿನ ಎಲ್ಲವನ್ನೂ ಮತ್ತೆ ಬಿಚ್ಚಿದೆವು. ಒಂದು ತಪ್ಪೂ ಸಿಗಲಿಲ್ಲ. ಚಾಚಾ ಸಹಿ ಹಾಕಿದರು. ಸರ್ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಔರಾದ್ ಕಡೆ ಹಾರಿದರು. "ನೀವೇ ತಿರಗಿಸಿ ನೋಡ್ರಿ," ಎಂದರು. ಎರಡು ಬೆರಳಿಗೇ ಚಕ್ರ ಬಂತು. ಅವರು ಕೋಲಿನಿಂದ ಕೈ ತೆಗೆದರು. ವಿಮಾನ ಅಲುಗದೆ ಹೋಯಿತು.

ಬರುವಾಗ ಅವರು ಭಾಲ್ಕಿಯ ಮೇಲೆ ಸುತ್ತು ಹಾಕಿ, "ನಿಮ್ಮ ಊರು ಆ ಕಡೆ ಅಲ್ರಿ?" ಎಂದು ದೂರಕ್ಕೆ ತೋರಿಸಿದರು. ಚಾಚಾ ಹೇಳಿರಬೇಕು. ತೊಗರಿ ಹೊಲಗಳು, ಒಂದು ರಸ್ತೆ, ಬಿಸಿಲಿಗೆ ಹೊಳೆಯುವ ಮನೆಗಳ ತಗಡುಗಳು ಕಂಡವು. ಎಲ್ಲಾ ಊರುಗಳೂ ಒಂದೇ ಥರ ಇದ್ದವು. ನಾನು ಹೌದು ಎಂದೆ. ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದೆ. ಏನೂ ಆಗಲಿಲ್ಲ.

ಸಂಜೆ ಮನೆಯಲ್ಲಿ, ಅವ್ವ ಕೊನೆಗೆ ಇದ್ದ ಆಸ್ಪತ್ರೆಯಿಂದ ತಂದ ಚೀಲ ಬಿಚ್ಚಿದೆ. ಅವ್ವನ ಎರಡು ಸೀರೆ, ಒಂದು ಸ್ವೆಟರ್ ಇದ್ದವು. ನೆನೆಹಾಕಿ, ಒಗೆದು, ಹಗ್ಗಕ್ಕೆ ಹಾಕಿದೆ. ಆಮೇಲೆ ಪಕ್ಕದ ಮನೆಯವರು ಕೊಟ್ಟ ರೊಟ್ಟಿ ತಿಂದು ಮಲಗಿದೆ.