ಉಷ್ಟ್ರಪಕ್ಷಿಯನ್ನು ಪಂಚಮಿಗೆ ಕರೆಯಲು ಹೋದದ್ದು

ನನಗೆ ಒಡಹುಟ್ಟಿದ ತಂಗಿ ಇಲ್ಲ. ಆದರೂ ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ತಂಗಿಯನ್ನು ಪಂಚಮಿಗೆ ಕರೆಯಲೆಂದು ಕಾರವಾರದ ಕಡೆಯ ಸಮುದ್ರದಂಡೆಗೆ ಹೋಗಿದ್ದೆ. ತಂಗಿ ಅಂದರೆ ಒಂದು ಉಷ್ಟ್ರಪಕ್ಷಿ. ಆಗ ನಾನು ಯಲಬುರ್ಗಾದಲ್ಲಿ ಮಾಸ್ತರ. ನನ್ನನ್ನು ಕಂಡರೆ ದೊಡ್ಡ ಹುಡುಗರು ಬೀಡಿ ಅಡಗಿಸುತ್ತಿದ್ದರು. ಅಂಥವನಿಗೆ ಬಂದ ಗತಿ ಇದು.

ಕುಷ್ಟಗಿಯಲ್ಲಿ ನಮ್ಮ ದೊಡ್ಡವ್ವನ, ಅಂದರೆ ಅವ್ವನ ಅಕ್ಕನ, ಮನೆಯ ಹಿಂದಿನ ಬಯಲಿಗೆ ಒಂದು ಸರ್ಕಸ್ ಬಂದಿತ್ತು. ಒಂದೇ ಬಿರುಗಾಳಿಗೆ ಡೇರೆ ಹರಿದು ದಿವಾಳಿ ಎದ್ದಿತು. ಹೋಗುವಾಗ ಮಾಲೀಕ ಈ ಹಕ್ಕಿಯನ್ನು ‘ನಾಲ್ಕು ದಿನ ನೋಡ್ಕೊಳ್ರಿ’ ಎಂದು ಒಪ್ಪಿಸಿದವನು ಮತ್ತೆ ಮುಖ ತೋರಿಸಲಿಲ್ಲ. ಮಕ್ಕಳಿಲ್ಲದ ದೊಡ್ಡವ್ವ ಅದನ್ನು ಎಮ್ಮೆಗಳ ಪಕ್ಕ ಕಟ್ಟಿ ಸಾಕಿದಳು. ಹೆಣ್ಣೆಂದು ಗೊತ್ತಾದದ್ದು ಅದು ಮೊಟ್ಟೆ ಇಟ್ಟಾಗ. ಮೊಟ್ಟೆ ಎಂದರೆ ಮೂಗು ಮುರಿಯುವ ಆ ಮನೆಯಲ್ಲಿ ತಂಬಿಗೆಯಷ್ಟು ದೊಡ್ಡದನ್ನು ಎಲ್ಲಿಡಬೇಕೆಂದು ತಿಳಿಯದೆ ದೊಡ್ಡಪ್ಪ ಎರಡು ದಿನ ತನ್ನ ರುಮಾಲಿನಡಿ ಮುಚ್ಚಿಟ್ಟಿದ್ದ. ದೊಡ್ಡವ್ವ ಮಾತ್ರ ‘ಮಗಳು ದೊಡ್ಡಾಕಿ ಆದ್ಲು’ ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು.

ಹಕ್ಕಿಗೆ ಒಂದು ಚಟವಿತ್ತು. ದೊಡ್ಡವ್ವ ‘ಬಾರ ಯವ್ವಾ’ ಎಂದು ಜೋಳ ಹಿಡಿದರೆ ಮೊದಲು ಅವಳ ಹಸಿರು ಗಾಜಿನ ಬಳೆಗಳನ್ನು ಕುಕ್ಕುತ್ತಿತ್ತು. ವಾರಕ್ಕೆ ನಾಲ್ಕಾದರೂ ಒಡೆಯುತ್ತಿದ್ದವು. ಬಳೆಗಾರ ಸಂತೆ ಬಿಟ್ಟು ನೇರ ಅವಳ ಕಟ್ಟೆಗೇ ಬಂದು ಕೂಡುತ್ತಿದ್ದ. ‘ನನ್ನ ಕೈಯಾನ ಬಳಿ ಮುಟ್ಟದ ಕಾಳು ಮುಟ್ಟಂಗಿಲ್ಲ ನೋಡ್ರಿ ಮಗಳು’ ಎಂದು ಅವಳು ಹೇಳಿಕೊಳ್ಳದ ಜನವಿರಲಿಲ್ಲ.

ಎರಡು ವರ್ಷದ ಮೇಲೆ ಸರಕಾರಿ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಇಂಥ ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಮುಚ್ಚಿದ ಸರ್ಕಸ್ಸುಗಳ ಪ್ರಾಣಿಗಳನ್ನು ಸಾಕುವ ಆಶ್ರಯವೊಂದು ಸಮುದ್ರದಂಡೆಯಲ್ಲಿದೆ, ಅಲ್ಲಿಗೆ ಒಯ್ಯುತ್ತೇವೆ ಎಂದರು. ದೊಡ್ಡವ್ವ ಅತ್ತಳು. ಲಾರಿ ಹತ್ತಿಸುವ ಮುಂಚೆ ಹಕ್ಕಿಗೆ ಉಡಿ ತುಂಬಲು ನಿಂತಳು. ಹಕ್ಕಿಗೆ ಉಡಿ ಎಲ್ಲಿಂದ ಬರಬೇಕು? ಕುಬಸದ ಬಟ್ಟೆಯನ್ನು ಅದರ ಕೊರಳಿಗೇ ಕಟ್ಟಿದಳು. ಆಮೇಲೆ ಸಾಹೇಬರನ್ನು ಕೇಳಿದಳು.

‘ಪಂಚಮಿಗಿ ಕಳಸ್ತೀರಿಲ್ಲೊ?’

ಸಾಹೇಬರಿಗೆ ಲಾರಿ ಹೊರಟರೆ ಸಾಕಾಗಿತ್ತು. ‘ಕಳಸೂಣಂತ ಬಿಡ್ರಿ’ ಎಂದುಬಿಟ್ಟರು.

ಪಂಚಮಿಗೆ ಎಂಟೇ ದಿನ ಉಳಿದರೂ ಯಾರೂ ಕಳಿಸಲಿಲ್ಲ. ದೊಡ್ಡವ್ವ ನನ್ನ ಶಾಲೆಯ ಬಾಗಿಲಿಗೇ ಬಂದು, ಹುಡುಗರೆದುರಿಗೇ, ‘ಅಣ್ಣ ಹೋಗಿ ಕರೀದ ಯಾವ ಹೆಣ್ಣಮಗಳು ಬರ್ತಾಳೋ ತಮ್ಮಾ? ನಡಿ’ ಎಂದಳು. ರಜೆಯ ಅರ್ಜಿಯಲ್ಲಿ ‘ತಂಗಿಯನ್ನು ಕರೆತರಲು’ ಎಂದೇ ಬರೆದೆ. ಮತ್ತೇನು ಬರೆಯಲಿ?

ಹುಬ್ಬಳ್ಳಿಯ ಮೇಲೆ ಬಸ್ಸು. ಬುಟ್ಟಿಯಲ್ಲಿ ಶೇಂಗಾದುಂಡಿ, ಎಳ್ಳುಂಡಿ, ಸಜ್ಜೆ ರೊಟ್ಟಿ. ದೊಡ್ಡವ್ವ ಎರಡೂ ಕೈತುಂಬ ಹೊಸ ಬಳೆ ಇಡಿಸಿಕೊಂಡಿದ್ದಳು. ‘ಎಲ್ಲಾ ಒಡದು ಹಾಕ್ತಾಳಲ್ಲ’ ಎಂದೆ. ‘ಅದಕ್ಕ ಇಟಗೊಂಡೀನಿ’ ಎಂದಳು. ಸಮುದ್ರ ಕಂಡಾಗ, ‘ಇಷ್ಟ ನೀರ ಇಟಗೊಂಡು ಒಂದು ಹೊಲಾ ಮಾಡಿಲ್ಲಲ್ಲೊ ಈ ಮಂದಿ’ ಎಂದು ಬೇಸರಪಟ್ಟಳು.

ಆಶ್ರಯವೆಂದರೆ ಗಾಳಿಮರಗಳ ನಡುವೆ ನಾಲ್ಕು ತಗಡಿನ ಶೆಡ್ಡು, ಜಡಿಮಳೆ, ಕೆಸರು. ಒಂದು ಮುದಿ ಜೀಬ್ರಾ ಮಳೆಗೆ ಬೆನ್ನು ಕೊಟ್ಟು ನಿಂತಿತ್ತು. ಕೊಳದಲ್ಲಿ ಹಲ್ಲುದುರಿದ ನೀರುಕುದುರೆ ಕಣ್ಣು ಮುಚ್ಚಿ ಬಿದ್ದಿತ್ತು. ಅದನ್ನು ಕಂಡದ್ದೇ ದೊಡ್ಡವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಕ್ಕಕ್ಕೆ ಸರಿದಳು.

‘ಆಕಿ ಮಾವನವರೇನು? ಮಕ್ಕೊಂಡಾರ?’ ಎಂದು ನನ್ನ ಕಿವಿಯಲ್ಲಿ ಕೇಳಿದಳು. ತಮಾಷೆಗಲ್ಲ. ಬೀಗರ ಮನೆಗೆ ಬಂದ ಮೇಲೆ ಹಿರಿಯರು ಯಾರೆಂದು ತಿಳಿಯಬೇಡವೇ?

ಅಲ್ಲಿ ನೋಡಿಕೊಳ್ಳುತ್ತಿದ್ದವನು ಕೊಡೆ ಹಿಡಿದ ಒಬ್ಬ ಮುದುಕ. ಉಂಡಿಯ ಬುಟ್ಟಿಯನ್ನು ಸಂತೋಷದಿಂದ ತೆಗೆದುಕೊಂಡ. ವಿಷಯ ಕೇಳಿ ಗಾಬರಿಯಾದ.

‘ಕಳ್ಸೂಕೆ ಆಗುದಿಲ್ಲ ಅಮ್ಮಾ. ಮೇಲಿಂದ ಕಾಗದ ಬರ್ಬೇಕು.’

‘ಪಂಚಮಿಗಿ ಎದರ ಕಾಗದ್ರಿ? ಅಣ್ಣ ಖುದ್ದ ಬಂದು ನಿಂತಾನ’ ಎಂದು ದೊಡ್ಡವ್ವ ನನ್ನನ್ನು ಮುಂದಕ್ಕೆ ತಳ್ಳಿದಳು.

ಮುದುಕ ನನ್ನನ್ನೂ ಬೇಲಿಯಾಚೆಯ ಹಕ್ಕಿಯನ್ನೂ ಒಮ್ಮೆ ಹೋಲಿಸಿ ನೋಡಿದ. ನನ್ನ ಕುತ್ತಿಗೆ ಸ್ವಲ್ಪ ಉದ್ದವೇ.

ದೊಡ್ಡವ್ವ ಒಂದು ಉಂಡಿ ಹಿಡಿದು ಬೇಲಿಯ ಹತ್ತಿರ ಹೋದಳು. ‘ಬಾರ ಯವ್ವಾ’ ಎಂದು ಬಳೆ ಸದ್ದು ಮಾಡಿದಳು. ಹಕ್ಕಿ ಓಡಿ ಬಂತು. ಮೈತುಂಬಿಕೊಂಡು ನೆಟ್ಟಗಾಗಿತ್ತು. ಸುಳ್ಳೇಕೆ ಹೇಳಲಿ, ನನಗೂ ಎದೆ ಹಿಗ್ಗಿತು. ಬಂದದ್ದು ಉಂಡಿಯನ್ನು ನೇರವಾಗಿ ಎತ್ತಿಕೊಂಡಿತು. ಬಳೆಗಳ ಕಡೆ ನೋಡಲಿಲ್ಲ. ದೊಡ್ಡವ್ವ ಖಾಲಿ ಕೈಯನ್ನು ಬೇಲಿಯೊಳಗೆ ಚಾಚಿ, ಬಳೆಗಳನ್ನು ಅದರ ಕೊಕ್ಕಿನ ಮುಂದೆಯೇ ಆಡಿಸಿದಳು. ಹಕ್ಕಿ ಇನ್ನೊಂದು ಉಂಡಿ ಇದೆಯೇ ಎಂದು ಕೈ ನೋಡಿತು, ಇಲ್ಲವೆಂದು ತಿಳಿದು ಕೆಸರು ತುಳಿಯುತ್ತ ಹೊರಟುಹೋಯಿತು.

ದೊಡ್ಡವ್ವ ಮತ್ತೆ ಕರೆಯಲಿಲ್ಲ. ಕಾಗದದ ಮಾತನ್ನೂ ಎತ್ತಲಿಲ್ಲ. ಹುಬ್ಬಳ್ಳಿ ಬರುವಾಗ ನಾನೇ, ‘ಸುಖದಾಗ ಅದಾಳ ಬಿಡು ದೊಡ್ಡವ್ವಾ’ ಎಂದೆ. ‘ಅದಾಳ’ ಎಂದಳು.

ಕುಷ್ಟಗಿಯಲ್ಲಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕಾದಿದ್ದರು. ಬಳೆಗಾರನೂ ಗಂಟು ಬಿಚ್ಚಿಕೊಂಡು ಕುಳಿತಿದ್ದ.

‘ಮಗಳು ಬರಲಿಲ್ಲೇನ್ರಿ?’

ದೊಡ್ಡವ್ವ ಒಂದೂ ಒಡೆಯದ ಬಳೆಗಳಿದ್ದ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

‘ಆಕಿ ಹೊಂಟು ನಿಂತಿದ್ಲವ್ವಾ. ಭಾಳ ಅತ್ತಳು. ಮಾವನವರು ಕಳಸಲಿಲ್ಲ.’

ಎಲ್ಲರೂ ನನ್ನ ಕಡೆ ತಿರುಗಿದರು. ನೀರಿನಲ್ಲಿ ತನ್ನಷ್ಟಕ್ಕೆ ಬಿದ್ದುಕೊಂಡಿದ್ದ ಆ ಬಡಪ್ರಾಣಿಯನ್ನು ನೆನೆದೆ.

‘ಹೌದ್ರಿ’ ಎಂದೆ, ‘ಆ ಮಾವ ಭಾಳ ಬಿರಸು ಮನಶ್ಯಾ.’