ಹಿಂದಿನ ಬೆಂಚಿನಲ್ಲಿ ಕೂತವಳು

ಪರೀಕ್ಷೆ ಬರೆದು ಸರ್ಕಾರಿ ಅಭಿಯೋಜಕಿಯಾದೆ ಎಂದರೆ ನಮ್ಮ ಕಡೆ ಇವತ್ತಿಗೂ ಯಾರೂ ನಂಬುವುದಿಲ್ಲ. ಆದೇಶ ಕೈಗೆ ಬಂದ ದಿನ ಮದ್ದೂರಿನ ನಮ್ಮ ಬೀದಿಯ ಹಿರಿಯರೊಬ್ಬರು ಮನೆಗೇ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಅದ್ಸರಿ ಕಣಮ್ಮ, ಯಾರ್ ಕೈಲಿ ಏಳುಸ್ದೆ?" ಎಂದು ಕೇಳಿದರು. ಯಾರ ಕೈಲೂ ಹೇಳಿಸಲಿಲ್ಲ, ಓದಿ ಬರೆದೆ ಎಂದೆ. "ಆಯ್ತು ಬುಡು, ಏಳ್ಬಾರ್ದು ಅಂತಿದ್ರೆ ಏಳ್ಬೇಡ" ಎಂದು ಎದ್ದು ಹೋದರು. ಮೈಯೆಲ್ಲ ಉರಿದುಹೋಯಿತು. ಆಮೇಲೆ ಯೋಚಿಸಿದರೆ, ಅವರ ಮೇಲೆ ಸಿಟ್ಟಾಗುವ ಯೋಗ್ಯತೆ ನನಗೆಲ್ಲಿತ್ತು?

ಕೊಲೆ, ಹೊಡೆದಾಟದ ಕೇಸುಗಳಲ್ಲಿ ಸತ್ತವನ ಪರ, ಪೆಟ್ಟು ತಿಂದವನ ಪರ ಮಾತಾಡುವುದು ಸರ್ಕಾರಿ ಅಭಿಯೋಜಕರು. ಇಲ್ಲದವರಿಗೆ ಅವರನ್ನು ಬಿಟ್ಟರೆ ಬೇರೆ ಗತಿಯಿಲ್ಲ. ನಾನು ಕರಿ ಕೋಟು ಹಾಕಿಕೊಂಡ ಕಾಲದಲ್ಲಿ, ನಾನು ಕಂಡ ಮಟ್ಟಿಗೆ, ಆ ಕುರ್ಚಿಗೆ ಜನ ಬರುತ್ತಿದ್ದದ್ದು ಮುಖಂಡರ ಪತ್ರ ಹಿಡಿದು. ಏಳು ವರ್ಷ ವಕೀಲಿಕೆ ಮಾಡಿರಬೇಕು ಎನ್ನುತ್ತದೆ ಕಾನೂನು. ಆ ಏಳು ವರ್ಷ ಕೋರ್ಟಿನಲ್ಲಿ ನಿಂತಿದ್ದೆಯೋ ಚುನಾವಣೆಯ ಜೀಪಿನ ಮೇಲೆ ನಿಂತಿದ್ದೆಯೋ ಎಂದು ಕೇಳುವವರು ಯಾರು? ಸರ್ಕಾರ ಬದಲಾದರೆ ಇವರೂ ಬದಲು. ಹೊಸಬರು ಬಂದು ಕಡತಗಳ ಧೂಳು ಕೊಡವುವಷ್ಟರಲ್ಲಿ ಇನ್ನೊಂದು ಚುನಾವಣೆ.

ಇದನ್ನೆಲ್ಲ ವಕೀಲರ ಕೋಣೆಯಲ್ಲಿ ಗಂಟಲು ಹರಿಯುವಂತೆ ಹೇಳುತ್ತಿದ್ದವಳು ನಾನೇ. ಅರ್ಹತೆ ನೋಡಿ ತಗೊಳ್ಳಿ, ಪರೀಕ್ಷೆ ಮಾಡಿ ಎಂದು ಮನವಿ ಬರೆದವಳೂ ನಾನೇ. ಸಹಿ ಹಾಕಿದವರು ಆರು ಜನ. ಮಿಕ್ಕವರು "ನಿಂಗ್ಯಾಕ್ಲಾ ಬೇಕು ಆ ಉಸಾಬರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಟೀ ಕುಡಿಯಲು ಹೋದರು. ಮನವಿ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಆಮೇಲೆ ಒಂದು ಜಾಗ ಖಾಲಿಯಾಗುತ್ತದೆ ಎಂಬ ಸುದ್ದಿ ಬಂತು. ನನಗೂ ಏಳು ವರ್ಷ ದಾಟಿತ್ತು. ಒಂದು ವಾರ ಒದ್ದಾಡಿ, ಹತ್ತು ಜನ ಹೋದ ದಾರಿಯಲ್ಲಿ ನಾನೊಬ್ಬಳು ಹೋಗದಿದ್ದರೆ ಏನು ಬಂತು ಎಂದುಕೊಂಡು, ಮುಖಂಡರ ಪತ್ರ ಬೇಡುವ ಅರ್ಜಿ ಟೈಪು ಮಾಡಿಸಿದೆ. ಥೂ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಆಗ ಅಭಿಯೋಜಕರಾಗಿದ್ದವರು ಪತ್ರದ ಮೇಲೆ ಬಂದವರು. ಕೆಟ್ಟ ಮನುಷ್ಯರಲ್ಲ, ಎದುರು ಸಿಕ್ಕರೆ "ಊಟ ಆಯ್ತೇನಮ್ಮ" ಎಂದು ಕೇಳುವವರು. ಕಡತ ಮಾತ್ರ ಓದುತ್ತಿರಲಿಲ್ಲ. "ನಿನ್ ಅರ್ಜಿ ನಾನೇ ಲೀಡರ್ ಮನೆಗೆ ತಲುಪಿಸ್ತೀನಿ, ನಾಳೆ ಕೋರ್ಟ್ ಹಾಲ್ ಹತ್ರ ಬಾ" ಎಂದಿದ್ದರು. ಹಾಗಾಗಿ ಆ ಬೆಳಿಗ್ಗೆ ಮದ್ದೂರಿನಲ್ಲಿ ಮಂಡ್ಯದ ರೈಲು ಹತ್ತಿದೆ.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಚಿಕ್ಕರಸಿನಕೆರೆ ಕಡೆಯವಳು. ನನ್ನ ಕರಿ ಕೋಟು ನೋಡಿ ತಾನೇ ಮಾತಿಗೆ ಬಂದಳು. ನಾಲೆ ನೀರಿನ ಸರದಿಗೆ ಜಗಳವಾಗಿ ಅವಳ ಗಂಡನನ್ನು ಗದ್ದೆ ಬದುವಿನ ಮೇಲೆ ಕೊಂದಿದ್ದರು. ಕೊಂದವರು ಅವನ ಒಡಹುಟ್ಟಿದ ಇಬ್ಬರು ಅಣ್ಣಂದಿರು. ಕಣ್ಣಾರೆ ನೋಡಿದವಳು ಇವಳೊಬ್ಬಳೇ. ಅವತ್ತು ಅವಳ ಸಾಕ್ಷಿ.

"ದೊಡ್ ಭಾವ ಗುದ್ಲೀಲಿ ಒಡುದ್ರು ಕಣವ್ವ, ಚಿಕ್ ಭಾವ ಕೈ ಇಡ್ಕಂಡಿದ್ರು" ಎಂದಳು. ಕೊಂದವರಿಗೂ ಬಹುವಚನ!

ಸರ್ಕಾರಿ ವಕೀಲರು ನಿನ್ನ ಹತ್ತಿರ ಮಾತಾಡಿದ್ದಾರಾ, ಏನು ಕೇಳುತ್ತಾರೆ ಅಂತ ಹೇಳಿದ್ದಾರಾ ಎಂದೆ.

"ಯಾರೂ ಮಾತಾಡ್ಸಿಲ್ಲ. ಓಗಿ ನಿಂತ್ಕಂಡು ಕಂಡಿದ್ದು ಏಳೋದಲ್ವಾ?"

ಹನಕೆರೆ ದಾಟುತ್ತಿತ್ತು. ಹೂಂ, ಅಷ್ಟೇ, ಹೆದರಬೇಡ ಎಂದೆ. ಅಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಸಾಕ್ಷಿ ಹೇಳುವವರನ್ನು ಬೆಳಿಗ್ಗೆ ಕೂರಿಸಿಕೊಂಡು, ಪೊಲೀಸರು ಬರೆದುಕೊಂಡದ್ದನ್ನು ಓದಿ ನೆನಪಿಸಿ, ಧೈರ್ಯ ಹೇಳುವುದು ಅಭಿಯೋಜಕರ ಮೊದಲ ಕೆಲಸ.

ಹಾಲ್‌ನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ತೊಡೆಯ ಮೇಲೆ ಅರ್ಜಿಯ ಕವರು. ರೈಲಿನಲ್ಲಿ ಸಿಕ್ಕ ಹೆಂಗಸು ಕಟಕಟೆ ಹತ್ತಿದಳು. ಎದುರಿಗೆ ಇಬ್ಬರು ಭಾವಂದಿರು, ಬಿಳಿ ಅಂಗಿ ತೊಟ್ಟು. ಪಕ್ಕದಲ್ಲಿ ಅವಳ ಅತ್ತೆ, ನೆಂಟರು. ನಿನ್ನ ಗಂಡನಿಗೆ ಹೊಡೆದವರು ಯಾರು ಎಂದು ಅಭಿಯೋಜಕರು ಕೇಳಿದರು.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಮ್ಮನೆ ಇರೀರು ಬುದ್ಧಿ."

"ಹಿರಿಯರು ಅಂದ್ರೆ ಯಾರು? ಹೆಸರು ಹೇಳಿ."

ನ್ಯಾಯಾಧೀಶರೂ ಕೇಳಿದರು, ಹೆಸರು ಹೇಳಮ್ಮ. ಅವಳು ನೆಲ ನೋಡುತ್ತ ನಿಂತಳು.

ಗಂಡನ ಹೆಸರು, ಭಾವಂದಿರ ಹೆಸರು ಬಾಯಲ್ಲಿ ಬರಬಾರದು. ನಮ್ಮ ಕಡೆಯ ಹಳ್ಳಿ ಹೆಂಗಸರಿಗೆ ಅದು ಉಸಿರಿನಷ್ಟೇ ಸಹಜ. ರೇಷನ್ ಕಾರ್ಡಿನವನು ಯಜಮಾನರ ಹೆಸರೇನು ಎಂದರೆ ನನ್ನಮ್ಮ ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಹಿರಿಯರ ಎದುರು ಬೆರಳು ಮಾಡಿ ತೋರಿಸುವ ಮಾತಂತೂ ಇಲ್ಲವೇ ಇಲ್ಲ. ಒಂದೇ ಒಂದು ಪ್ರಶ್ನೆ ಸಾಕಿತ್ತು: ಅವರು ನಿನಗೆ ಏನಾಗಬೇಕಮ್ಮ? ದೊಡ್ಡ ಭಾವ ಎನ್ನುತ್ತಿದ್ದಳು, ಮುಗಿದುಹೋಗುತ್ತಿತ್ತು. ಆದರೆ ಅದನ್ನು ಕೇಳಲು ಕೊಂದವರು ಅವಳಿಗೆ ಏನಾಗಬೇಕು ಎಂದು ಮೊದಲು ಇವರಿಗೆ ಗೊತ್ತಿರಬೇಕಲ್ಲ! ಕಡತ ಬಿಚ್ಚಿದ್ದರೆ ತಾನೇ?

"ಒಳಗೊಳಗೇ ರಾಜಿಯಾಗಿದೆ ಸ್ವಾಮಿ, ಸಾಕ್ಷಿ ಉಲ್ಟಾ ಹೊಡೆದಿದ್ದಾಳೆ" ಎಂದರು ಅಭಿಯೋಜಕರು. ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿದರು. ಸಿಕ್ಕಿತು. ಹಾಳೆ ಮಗುಚುತ್ತ, ತಲೆ ಎತ್ತದೆ, "ಎರಡನೇ ಆರೋಪಿ ಹಿಡಿದುಕೊಂಡಾಗ ಒಂದನೇ ಆರೋಪಿ ಗುದ್ದಲಿಯಿಂದ ಹೊಡೆದದ್ದನ್ನು ನೀವು ನೋಡಿದ್ದೀರಿ, ಅಲ್ಲವಾ?" ಎಂದು ಒಂದೇ ಉಸಿರಿಗೆ ಓದಿದರು.

"ಒಂದ್ನೇದು ಎಲ್ಡ್ನೇದು ನಂಗೊತ್ತಿಲ್ಲ ಬುದ್ಧಿ" ಎಂದಳು ಅವಳು.

ಗೊತ್ತಿಲ್ಲ ಎಂದು ಬರೆದುಕೊಂಡರು.

ನಾನು ಏಳಬಹುದಿತ್ತು. ಕೋಟು ಹಾಕಿದವಳು, ಮುಂದೆ ಹೋಗಿ ಅಭಿಯೋಜಕರ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಯಾರೂ ತಲೆ ತೆಗೆಯುತ್ತಿರಲಿಲ್ಲ. ಬೈಯುತ್ತಿದ್ದರು, ನನ್ನ ಕವರನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದರು, ಅಷ್ಟೇ. ಅಷ್ಟಕ್ಕೆ ಹೆದರಿದೆ. ತುಂಬಿದ ಹಾಲ್‌ನಲ್ಲಿ ಅವರನ್ನು ತಿದ್ದಿ ಆಮೇಲೆ ಅದೇ ಬಾಯಲ್ಲಿ ಅರ್ಜಿ ತಲುಪಿಸಿ ಸಾರ್ ಎನ್ನುವುದು ಹೇಗೆ ಎಂದು ಲೆಕ್ಕ ಹಾಕುತ್ತ ಕೂತೆ. ಅವಳನ್ನು ಇಳಿಸಿ ಬೇರೆ ಕೇಸು ಕರೆದರು. ಮಧ್ಯಾಹ್ನ ಕವರು ಕೊಟ್ಟೆ, ನಗುತ್ತ ಇಸಿದುಕೊಂಡರು. ಆ ಜಾಗ ಯಾರದೋ ಅಳಿಯನಿಗೆ ಹೋಯಿತು. ಕೊಲೆ ಕೇಸಿನಲ್ಲಿ ಇಬ್ಬರೂ ಬಿಡುಗಡೆಯಾದರು. ಅಪೀಲಿಗೆ ಯೋಗ್ಯವಲ್ಲ ಎಂದು ಅದೇ ಅಭಿಯೋಜಕರು ಅಭಿಪ್ರಾಯ ಬರೆದರು.

ಆಮೇಲೆ ಕೊನೆಗೂ ಪರೀಕ್ಷೆಗೆ ಅರ್ಜಿ ಕರೆದರು. ಯಾರ ಮನೆ ಬಾಗಿಲಿಗೂ ಹೋಗದೆ ಬರೆದೆ, ಪಾಸಾದೆ, ಮಳವಳ್ಳಿಗೆ ಹಾಕಿದರು. ಈಗ ಪ್ರತಿ ಸಾಕ್ಷಿಯನ್ನೂ ಬೆಳಿಗ್ಗೆಯೇ ಕರೆಸಿ ಮಾತಾಡುತ್ತೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹಾಗೆ.

ಹೋದ ತಿಂಗಳು ಆ ಹೆಂಗಸು ನನ್ನ ಕಚೇರಿಗೆ ಬಂದಳು. ನಾನು ಸರ್ಕಾರಿ ವಕೀಲೆಯಾಗಿದ್ದೇನೆ ಎಂದು ಯಾರೋ ಹೇಳಿದ್ದರಂತೆ. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕೂರು ಎಂದರೂ ಕೂರಲಿಲ್ಲ.

"ಮಗಳ್ ಮದ್ವೆ ಅವ್ವ. ಅಷ್ಟ್ರೊಳ್ಗೆ ಮೇಲ್ನ್ ಕೋರ್ಟ್ಗೆ ಏನಾರ ಆಕೋಕಾಯ್ತದಾ?"

ವರ್ಷಗಳು ಕಳೆದಿವೆ, ತಡ ಮನ್ನಿಸಿ ಎಂದು ಕೇಳಿಕೊಂಡರೂ ಕಡತದಲ್ಲಿರುವುದು ನಿನ್ನದೇ ಮಾತು, ಗೊತ್ತಿಲ್ಲ ಅಂತ, ಎಂದು ತಿಳಿಸಿ ಹೇಳಿದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ನಂಗೊತ್ತಿಲ್ಲ ಅಂದಿದ್ದು ಆ ಒಂದ್ನೇದು ಎಲ್ಡ್ನೇದ್ಕೆ" ಎಂದಳು. ನನ್ನ ಮುಖ ನೋಡಿ, "ನೀವು ಇಂದ್ಗಡೆ ಬೆಂಚಲ್ಲಿ ಕುಂತಿದ್ರಲ್ವಾ. ನಿಮ್ಗೆ ಗೊತ್ತಿತ್ತು. ರೈಲಲ್ಲಿ ಏಳಿದ್ನಲ್ಲ" ಎಂದಳು. ಬೈಯುವ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೊತ್ತಿತ್ತು ಎಂದೆ. ನನ್ನ ಅರ್ಜಿಯ ವಿಷಯವನ್ನೂ ಹೇಳಿದೆ. ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಚೀಲದಿಂದ ಲಗ್ನಪತ್ರಿಕೆ ತೆಗೆದು ಮೇಜಿನ ಮೇಲಿಟ್ಟಳು. ಮದುವೆಗೆ ಮುಂಚೆ ಯಾಕೆ ಆಗಬೇಕಿತ್ತು ಎಂದು ಆಗ ಕೇಳಿದೆ.

"ಅಪ್ಪ ಇಲ್ದ ಮಗು. ನಾನು ಮುಂಡೆ, ಧಾರೆಗೆ ಕೂರಂಗಿಲ್ಲ. ಕೋರ್ಟೇ ತಪ್ಪಿಲ್ಲ ಅಂದ್ಮೇಲೆ ನಿಂದೇನವ್ವ ಅಂತಾರೆ ಊರೋರು" ಎಂದಳು. "ದೊಡ್ ಭಾವ್ನೇ ಧಾರೆ ಎರೀತಾರೆ."